ಗಾಲಿಯ ಮೇಲಣ ಕೆರೆಗಳು

ವಿದ್ಯುಚ್ಛಕ್ತಿಗೆ ಒಂದು ವಿಲಕ್ಷಣವಾದ ಗುಣವುಂಟು. ರಾಗಿಯನ್ನು ಹಗೇವಿನಲ್ಲಿ ತುಂಬಿಡಬಹುದು. ಕೊಬ್ಬರಿಯನ್ನು ಅಟ್ಟದ ಮೇಲೆ ಹಾಕಿ ಬೆಲೆ ಬರುವವರೆಗೂ ಕಾಯಬಹುದು. ಮಳೆಯ ನೀರಿಗೆ ಏರಿ ಕಟ್ಟಿ ಕೆರೆಯಲ್ಲಿ ನಿಲ್ಲಿಸಬಹುದು. ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಮಾತ್ರ ತಂತಿಯಲ್ಲೇ ಕೂಡಿಡಲು ಬರುವುದಿಲ್ಲ. ಅದು ಹುಟ್ಟಿದ ಕ್ಷಣದಲ್ಲೇ ವ್ಯಯವಾಗಬೇಕು, ಬೇಕಾದ ಕ್ಷಣದಲ್ಲೇ ಹುಟ್ಟಬೇಕು. ಕಡೂರಿನ ಒಂದು ಮನೆಯಲ್ಲಿ ಗೃಹಿಣಿ ಮಿಕ್ಸಿಯ ಗುಂಡಿ ತಿರುಗಿಸಿದರೆ, ಅದೇ ಗಳಿಗೆಯಲ್ಲಿ ಎಲ್ಲಿಯೋ ಇರುವ ಒಂದು ವಿದ್ಯುದಾಗಾರದ ಚಕ್ರ ಅಷ್ಟು ಹೆಚ್ಚು ಭಾರವನ್ನು ಹೊರಬೇಕಾಗುತ್ತದೆ. ಈ ಒಂದು ಗುಣವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ, ಬ್ಯಾಟರಿಯಿಂದ ಓಡುವ ವಾಹನಗಳಿಗೂ ನಮ್ಮ ವಿದ್ಯುತ್ ಜಾಲಕ್ಕೂ ಇರಬೇಕಾದ ಸಂಬಂಧವೇನೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ನಾನು ಕನ್ನಡದ ಮೇಷ್ಟರು, ಎಂಜಿನಿಯರಲ್ಲ. ಆದರೂ ಇದು ಎಂಜಿನಿಯರರಿಗೆ ಮಾತ್ರ ಬಿಟ್ಟುಬಿಡುವ ವಿಷಯವಲ್ಲವೆಂದು ತಿಳಿದು ಈ ನಾಲ್ಕು ಮಾತುಗಳನ್ನು ಹೇಳುತ್ತಿದ್ದೇನೆ.

ನಮ್ಮ ನಾಡಿನಲ್ಲಿ ವಿದ್ಯುತ್ತಿನ ಕಥೆ ಆರಂಭವಾದದ್ದು 1902ರಲ್ಲಿ. ಕಾವೇರಿಯ ಶಿವನಸಮುದ್ರದಲ್ಲಿ ಹುಟ್ಟಿದ ಶಕ್ತಿ ಸುಮಾರು 92 ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಅಂದಿನ ವ್ಯವಸ್ಥೆ ಬಲು ಸರಳ. ಒಂದು ಕಡೆ ಜಲಪಾತ, ಇನ್ನೊಂದು ಕಡೆ ಗಣಿ, ನಡುವೆ ತಂತಿ. ಇಂದಿನ ವ್ಯವಸ್ಥೆಯಾದರೋ ಜೇಡರಬಲೆಯಂತೆ ಹೆಣೆದುಕೊಂಡದ್ದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರಗಳ ನಡುವಣ ಭಾರಿ ತಂತಿಮಾರ್ಗ ಕೂಡಿಕೊಂಡ ಮೇಲೆ, ದಕ್ಷಿಣದ ಜಾಲವೂ ದೇಶದ ಉಳಿದ ಜಾಲದೊಡನೆ ಒಂದಾಯಿತು. ಅಜ್ಜಂಪುರದ ಹಿಟ್ಟಿನ ಗಿರಣಿಯೂ ಅಮೃತಸರದ ನೂಲಿನ ಗಿರಣಿಯೂ ಈಗ ಒಂದೇ ತಾಳಕ್ಕೆ ತಿರುಗುತ್ತವೆ. ಆ ತಾಳ ಸೆಕೆಂಡಿಗೆ 50 ಆವರ್ತ. ಬೇಡಿಕೆ ಉತ್ಪಾದನೆಯನ್ನು ಮೀರಿದರೆ ತಾಳ ನಿಧಾನವಾಗುತ್ತದೆ. ಉತ್ಪಾದನೆ ಬೇಡಿಕೆಯನ್ನು ಮೀರಿದರೆ ತಾಳ ವೇಗವಾಗುತ್ತದೆ. ಎರಡೂ ಅಪಾಯ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಕುಳಿತದ್ದನ್ನು ಬಹುಮಂದಿ ಮರೆತಿರಲಾರರು. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ದೇಶದ ಮನೆಗಳೆಲ್ಲ ಒಂಬತ್ತು ನಿಮಿಷ ದೀಪವಾರಿಸಿದಾಗ ಬೇಡಿಕೆ ಸುಮಾರು 31,000 ಮೆಗಾವ್ಯಾಟಿನಷ್ಟು ಇಳಿಯಿತು. ಅಂದು ಜಾಲ ಕುಸಿಯದಂತೆ ಕಾಪಾಡಿದವು ಮುಖ್ಯವಾಗಿ ಜಲವಿದ್ಯುತ್ ಕೇಂದ್ರಗಳು. ನೀರಿನ ಬಾಗಿಲನ್ನು ಕೆಲವೇ ನಿಮಿಷಗಳಲ್ಲಿ ಮುಚ್ಚಬಹುದು, ತೆರೆಯಬಹುದು.

ಕರ್ನಾಟಕ ಬಹುಕಾಲ ನೀರಿನ ರಾಜ್ಯವಾಗಿತ್ತು. ಶರಾವತಿಯ ಹತ್ತು ಯಂತ್ರಗಳು ಸೇರಿ 1,035 ಮೆಗಾವ್ಯಾಟ್ ಕೊಡಬಲ್ಲವು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟೆಯ ಬುಡದಲ್ಲಿಯೂ 39.2 ಮೆಗಾವ್ಯಾಟಿನ ಸಣ್ಣ ವಿದ್ಯುದಾಗಾರಗಳಿವೆ. ಆದರೆ ಮಳೆಯನ್ನು ನಂಬಿದ ರಾಜ್ಯ ಮಳೆ ತಪ್ಪಿದಾಗ ಕತ್ತಲೆಯನ್ನೂ ಒಪ್ಪಿಕೊಳ್ಳಬೇಕು. ಕಲ್ಲಿದ್ದಲಿನ ರಾಯಚೂರು ಕೇಂದ್ರ ಆಮೇಲೆ ಬಂತು. ಅದರ ಹಿಂದೆ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದವು. 2018ರಿಂದೀಚೆಗೆ ಪಾವಗಡದ ಬಂಜರಿನಲ್ಲಿ, ಸುಮಾರು 13,000 ಎಕರೆ ವಿಸ್ತಾರದಲ್ಲಿ, 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಕ್ಷೇತ್ರ ಎದ್ದು ನಿಂತಿತು. ಶರಾವತಿಯ ಇಮ್ಮಡಿ ಸಾಮರ್ಥ್ಯ! ಹೀಗೆ ನಮ್ಮ ರಾಜ್ಯ ನೀರಿನಿಂದ ಬಿಸಿಲಿಗೆ ಹೊರಳಿತು. ಆದರೆ ಶರಾವತಿಯ ನೀರು ರಾತ್ರಿ ಎಂಟಕ್ಕೂ ಕರೆದರೆ ಬರುತ್ತದೆ. ಪಾವಗಡದ ಬಿಸಿಲು ಸಂಜೆ ಆರಕ್ಕೆ ಮನೆಗೆ ಹೋಗಿಬಿಡುತ್ತದೆ. ನಡುಹಗಲು ಶಕ್ತಿ ಉಕ್ಕುತ್ತದೆ. ಮುಸ್ಸಂಜೆ ಊರೂರಿನಲ್ಲಿ ದೀಪ, ಫ್ಯಾನು, ದೂರದರ್ಶನಗಳು ಒಮ್ಮೆಗೇ ಎಚ್ಚೆತ್ತುಕೊಳ್ಳುವ ಹೊತ್ತಿಗೆ ಸರಿಯಾಗಿ ಬಿಸಿಲು ಕೈಬಿಡುತ್ತದೆ. ಹಗಲಿಡೀ ಉಳಿದ ಕೇಂದ್ರಗಳ ಮೇಲೆ ಬೀಳುವ ಭಾರವನ್ನು ನಕ್ಷೆಯಲ್ಲಿ ಬರೆದರೆ ಬಗ್ಗಿದ ಬೆನ್ನು, ಸರಕ್ಕನೆ ಮೇಲೆದ್ದ ಕತ್ತು—ಬಾತುಕೋಳಿಯಂತೆ ಕಾಣುತ್ತದೆಂದು ಎಂಜಿನಿಯರುಗಳು ಅದಕ್ಕೆ ಆ ಹಕ್ಕಿಯ ಹೆಸರನ್ನೇ ಇಟ್ಟಿದ್ದಾರೆ. ಆ ಕತ್ತಿನ ಏರುವಿಕೆಯೇ ಈ ಕಾಲದ ವಿದ್ಯುತ್ ಸಮಸ್ಯೆ. 2023ರಲ್ಲಿ ಮಳೆ ಕೈಕೊಟ್ಟು, ಜಲಾಶಯಗಳು ತಗ್ಗಿ, ಅಕ್ಟೋಬರಿನಲ್ಲಿ ರಾಜ್ಯವು ವಿದ್ಯುತ್ ಅಭಾವದಿಂದ ತತ್ತರಿಸಿದಾಗ ಈ ಸಮಸ್ಯೆಯ ಬಿಸಿ ಎಲ್ಲರಿಗೂ ತಾಗಿತು.

ಈ ಹೊರಳುವಿಕೆಯಿಂದ ಹಳ್ಳಿಗೆ ಒಂದು ಉಪಕಾರವೂ ಆಯಿತೆನ್ನಬೇಕು. ಮೊದಲು ಪಂಪುಸೆಟ್ಟಿಗೆ ಮೂರು ಫೇಸ್ ಕರೆಂಟು ಬರುತ್ತಿದ್ದುದು ಬಹುಮಟ್ಟಿಗೆ ರಾತ್ರಿ. ಕಡೂರಿನ ಬಯಲುಸೀಮೆಯ ರೈತ ಸರಿರಾತ್ರಿಯಲ್ಲಿ ಬ್ಯಾಟರಿ ದೀಪ ಹಿಡಿದು, ಹಾವು ಚೇಳುಗಳ ನಡುವೆ ತೆಂಗಿನ ತೋಟಕ್ಕೆ ಹೋಗಬೇಕಾಗಿತ್ತು. ತರೀಕೆರೆಯ ಕಾಡಂಚಿನಲ್ಲಿ ಕಾಡುಪ್ರಾಣಿಗಳ ಭಯ ಬೇರೆ. ಬಿಸಿಲಿನ ವಿದ್ಯುತ್ತು ಹೆಚ್ಚಿದ ಮೇಲೆ ಆ ಸರಬರಾಜಿನ ಬಹುಭಾಗವನ್ನು ಹಗಲಿಗೆ ತರುವುದು ಸಾಧ್ಯವಾಯಿತು. ಬೇಡಿಕೆಯನ್ನು ಉತ್ಪಾದನೆಯ ಹೊತ್ತಿಗೆ ಸರಿಸುವುದೆಂದರೆ ಇದೇ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನೀರನ್ನು ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗದ ಕಡೆಗೆ ಹರಿಸುವ ಭಾರಿ ಪಂಪುಗಳಿಗೂ ಈ ನ್ಯಾಯ ಸಲ್ಲುತ್ತದೆ. ನೀರನ್ನು ಎತ್ತುವ ಕೆಲಸ ಹೊತ್ತನ್ನು ಕಾಯಬಲ್ಲದು. ಮಗುವಿನ ಓದಿಗೆ ಬೇಕಾದ ದೀಪ ಕಾಯಲಾರದು.

ಇಂಥ ಸಂದರ್ಭದಲ್ಲಿ ವಿದ್ಯುತ್ ವಾಹನಗಳು ಬಂದಿವೆ. ಇವು ನಮಗೆ ತೀರ ಹೊಸತೇನಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ಕಾರು ತಯಾರಾಗಿ ಲಂಡನ್ನಿನ ಬೀದಿಗಳಲ್ಲಿಯೂ ಓಡಿತು. 2017ರಲ್ಲಿ ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. 2023ರಿಂದೀಚೆಗೆ ರಾಜ್ಯ ರಸ್ತೆ ಸಾರಿಗೆ ನಿಗಮದ ವಿದ್ಯುತ್ ಬಸ್ಸುಗಳು ಬೆಂಗಳೂರಿನಿಂದ ಮೈಸೂರು, ಮಡಿಕೇರಿ, ಶಿವಮೊಗ್ಗ, ಚಿಕ್ಕಮಗಳೂರು ಮೊದಲಾದ ಊರುಗಳಿಗೆ ಓಡತೊಡಗಿದವು. ತುಮಕೂರಿನಿಂದ ಹೊನ್ನಾವರದತ್ತ ಹೋಗುವ ಹೆದ್ದಾರಿ ಕಡೂರು, ಬೀರೂರು, ತರೀಕೆರೆಗಳನ್ನು ಹಾದೇ ಹೋಗುತ್ತದೆ. ಆ ಹೆದ್ದಾರಿಯ ಪಕ್ಕದಲ್ಲಿ ನಿಂತವರಿಗೆ ಹೊಗೆಯಿಲ್ಲದ, ಸದ್ದಿಲ್ಲದ ಗಾಡಿ ಈಗ ಅಪರೂಪದ ದೃಶ್ಯವಲ್ಲ. ಶಾಲೆಯ ಉಪಾಧ್ಯಾಯಿನಿಯರು, ಬ್ಯಾಂಕಿನ ಗುಮಾಸ್ತರು, ಹಾಲು ಹಾಕುವವರು ಬ್ಯಾಟರಿಯ ಸ್ಕೂಟರು ಏರಿದ್ದಾರೆ.

ಈಗ ಒಂದು ಸಣ್ಣ ಲೆಕ್ಕ. ಒಂದು ಸ್ಕೂಟರಿನ ಬ್ಯಾಟರಿ ಸುಮಾರು ಮೂರು ಯೂನಿಟ್ಟಿನದು. ತುಂಬುವಾಗ ಅದು ಎಳೆಯುವ ಶಕ್ತಿ ಹೆಚ್ಚುಕಡಮೆ 700 ವ್ಯಾಟ್, ಅಂದರೆ ಒಂದು ಇಸ್ತ್ರಿಪೆಟ್ಟಿಗೆಯಷ್ಟು. ಇದರಲ್ಲಿ ಭಯಪಡುವಂಥದೇನೂ ಇಲ್ಲ. ಕಾರಿನ ಮಾತು ಬೇರೆ. ಮನೆಯ ಗೋಡೆಗೆ ಹಾಕಿಸುವ ದೊಡ್ಡ ಚಾರ್ಜರು ಏಳು ಕಿಲೋವ್ಯಾಟಿಗೂ ಮಿಕ್ಕಿ ಎಳೆಯುತ್ತದೆ. ಹತ್ತು ಅಶ್ವಶಕ್ತಿಯ ಪಂಪುಸೆಟ್ಟೊಂದು ಎಳೆಯುವುದೂ ಸುಮಾರು ಅಷ್ಟೇ. ನಮ್ಮ ಬಡಾವಣೆಗಳ ಮೂಲೆಯಲ್ಲಿ ಕಂಬಗಳ ಮೇಲೆ ಕೂತಿರುವ ಪರಿವರ್ತಕ, ಜನ ಟಿ.ಸಿ. ಎಂದು ಕರೆಯುವುದು, ಹಲವೆಡೆ 63 ಕೆ.ವಿ.ಎ. ಸಾಮರ್ಥ್ಯದ್ದು. ಒಂದು ಬೀದಿಯ ಎಂಟು ಮನೆಯವರು ಸಂಜೆ ಏಳಕ್ಕೆ ಕೆಲಸದಿಂದ ಬಂದು ಎಂಟು ಕಾರುಗಳನ್ನು ಒಟ್ಟಿಗೆ ಚಾರ್ಜಿಗೆ ಹಾಕಿದರೆ ಆ ಟಿ.ಸಿ.ಯ ಶಕ್ತಿಯೆಲ್ಲ ಅಲ್ಲಿಗೇ ಮುಗಿಯಿತು. ಉಳಿದ ಮನೆಗಳ ದೀಪಕ್ಕೆ ಏನು? ಟಿ.ಸಿ. ಸುಟ್ಟರೆ ಅದನ್ನು ಬದಲಾಯಿಸುವವರೆಗೆ ಬೀದಿಗೆ ಬೀದಿಯೇ ಕತ್ತಲೆ. ಬೇಸಿಗೆಯಲ್ಲಿ ಬೆಳೆ ಒಣಗುತ್ತಿರುವಾಗ ಟಿ.ಸಿ. ಸುಟ್ಟ ಹಳ್ಳಿಯ ಪಾಡನ್ನು ನಮ್ಮ ತಾಲ್ಲೂಕುಗಳ ಜನಕ್ಕೆ ನಾನು ವಿವರಿಸಬೇಕಾಗಿಲ್ಲ.

ಆದರೆ ಅದೇ ಕಾರುಗಳನ್ನು ಹಗಲು ಹನ್ನೊಂದರಿಂದ ಮೂರರವರೆಗೆ, ಕಚೇರಿಯ ಅಂಗಳದಲ್ಲೋ ಪೇಟೆಯ ನಿಲ್ದಾಣದಲ್ಲೋ ನಿಂತಿರುವಾಗ ತುಂಬಿದರೆ? ಆಗ ಉಕ್ಕುತ್ತಿರುವ ಬಿಸಿಲಿನ ವಿದ್ಯುತ್ತು ಅದಕ್ಕೆ ಒದಗುತ್ತದೆ. ಹಗಲಿಗೆ ಆಗದಿದ್ದರೆ, ಊರು ಮಲಗಿದ ಮೇಲೆ, ರಾತ್ರಿ ಹನ್ನೊಂದರಿಂದ ಬೆಳಗಿನ ಜಾವದವರೆಗೆ ಒಬ್ಬರಾದ ಮೇಲೆ ಒಬ್ಬರಂತೆ ತುಂಬಿದರೂ ಸರಿಯೆ. ಬ್ಯಾಟರಿ ತುಂಬುವುದು ಮೂರು ನಾಲ್ಕು ಗಂಟೆಯ ಕೆಲಸ. ಗಾಡಿಯಾದರೋ ದಿನದ ಇಪ್ಪತ್ತೆರಡು ಗಂಟೆ ಸುಮ್ಮನೆ ನಿಂತಿರುತ್ತದೆ. ನಡುವೆ ಎಷ್ಟೊಂದು ಸಡಿಲವಿದೆ! ಆ ಸಡಿಲವನ್ನು ಬುದ್ಧಿವಂತಿಕೆಯಿಂದ ಬಳಸಿಕೊಳ್ಳುವುದೇ ವಾಹನಕ್ಕೂ ಜಾಲಕ್ಕೂ ಆಗಬಹುದಾದ ಸ್ನೇಹದ ಮೊದಲ ಮೆಟ್ಟಿಲು. ಇದಕ್ಕೆ ಭಾರಿ ಯಂತ್ರವೇನೂ ಬೇಡ. ಹೊತ್ತನ್ನು ಗುರುತಿಸುವ ಒಂದು ಮೀಟರು, ಹೊತ್ತಿಗೆ ತಕ್ಕ ದರ, ಹೊತ್ತಾದಾಗ ತಾನಾಗಿ ಹತ್ತುವ ಒಂದು ಗುಂಡಿ ಸಾಕು. ಕೇಂದ್ರ ಸರ್ಕಾರ 2023ರಲ್ಲಿ ತಿದ್ದಿದ ನಿಯಮಗಳಲ್ಲಿ ಈ ತತ್ವವನ್ನೇ ಒಪ್ಪಿಕೊಂಡಿದೆ. ಬಿಸಿಲಿನ ಎಂಟು ಗಂಟೆಗಳಲ್ಲಿ ದರ ಸಾಮಾನ್ಯ ದರಕ್ಕಿಂತ ಶೇಕಡಾ 20ರಷ್ಟಾದರೂ ಕಡಮೆ ಇರಬೇಕು, ಬೇಡಿಕೆಯ ಹೊತ್ತಿನಲ್ಲಿ ಹೆಚ್ಚಾಗಿರಬೇಕು ಎಂಬುದು ಅದರ ಸಾರಾಂಶ.

ಎರಡನೆಯ ಮೆಟ್ಟಿಲು ಇನ್ನೂ ಸ್ವಾರಸ್ಯವಾದದ್ದು. ಬ್ಯಾಟರಿ ವಿದ್ಯುತ್ತನ್ನು ಕುಡಿಯುವುದು ಮಾತ್ರವಲ್ಲ, ಕೊಡಲೂ ಬಲ್ಲದು. ನಮ್ಮ ಪೇಟೆಗಳ ಬಹುಪಾಲು ಮನೆಗಳಲ್ಲಿ ಮೆಟ್ಟಿಲ ಕೆಳಗೋ ಹಜಾರದ ಮೂಲೆಯಲ್ಲೋ ಒಂದು ಯು.ಪಿ.ಎಸ್. ಇದೆ. ಕರೆಂಟು ಇರುವಾಗ ಅದು ತುಂಬಿಕೊಳ್ಳುತ್ತದೆ. ಹೋದಾಗ ನಾಲ್ಕು ದೀಪ, ಎರಡು ಫ್ಯಾನುಗಳನ್ನು ನಡೆಸುತ್ತದೆ. ಅದರ ಬ್ಯಾಟರಿಯಲ್ಲಿ ಹಿಡಿಯುವುದು ಎರಡು ಯೂನಿಟ್ಟಿಗೂ ಕಡಮೆ. ಅಂಗಳದಲ್ಲಿ ನಿಂತ ಸ್ಕೂಟರಿನಲ್ಲಿ ಅದಕ್ಕಿಂತ ಹೆಚ್ಚು ಶಕ್ತಿಯಿದೆ. ಕಾರಿನಲ್ಲಿ ಮೂವತ್ತು ನಲವತ್ತು ಯೂನಿಟ್ಟುಗಳಿವೆ, ಮಿತವಾಗಿ ಬಳಸುವ ಒಂದು ಸಂಸಾರಕ್ಕೆ ವಾರವಿಡೀ ಸಾಲುವಷ್ಟು. 2011ರಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿಗಳಾಗಿ ವಿದ್ಯುತ್ ವ್ಯವಸ್ಥೆ ಅಸ್ತವ್ಯಸ್ತವಾದ ಮೇಲೆ, ಕಾರಿನಿಂದ ಮನೆಗೆ ವಿದ್ಯುತ್ ಪಡೆಯುವ ಉಪಕರಣಗಳು ಅಲ್ಲಿ ಮಾರುಕಟ್ಟೆಗೆ ಬಂದವು. ಅಗತ್ಯ ಕಂಡವರಿಗೆ ಉಪಾಯವೂ ಹೊಳೆಯಿತು.

ಮೂರನೆಯ ಮೆಟ್ಟಿಲು, ವಾಹನವು ಮನೆಯನ್ನು ದಾಟಿ ಜಾಲಕ್ಕೇ ವಿದ್ಯುತ್ತನ್ನು ಹಿಂದಿರುಗಿಸುವುದು. ಅಮೆರಿಕದ ಡೆಲಾವೇರ್ ವಿಶ್ವವಿದ್ಯಾನಿಲಯದ ವಿಲೆಟ್ ಕೆಂಪ್ಟನ್ ಎಂಬ ವಿದ್ವಾಂಸರು 1997ರಲ್ಲಿಯೇ ತಮ್ಮ ಸಹೋದ್ಯೋಗಿಯೊಡನೆ ಈ ವಿಚಾರವನ್ನು ಪ್ರಬಂಧರೂಪದಲ್ಲಿ ಮಂಡಿಸಿದರು. 2016ರಲ್ಲಿ ಡೆನ್ಮಾರ್ಕಿನ ಫ್ರೆಡರಿಕ್ಸ್‌ಬರ್ಗ್ ಎಂಬ ಊರಿನ ನೀರು–ಅನಿಲ ಸರಬರಾಜು ಸಂಸ್ಥೆಯೊಂದರ ಹತ್ತು ವಿದ್ಯುತ್ ವ್ಯಾನುಗಳು, ಕೆಲಸ ಮುಗಿಸಿ ನಿಂತ ಹೊತ್ತಿನಲ್ಲಿ ಜಾಲಕ್ಕೆ ಸೇವೆ ಸಲ್ಲಿಸಿ ಹಣವನ್ನೂ ಸಂಪಾದಿಸಿದವು. ಭಾರತದಲ್ಲಿ ಇದು ಇನ್ನೂ ಪ್ರಯೋಗದ ಹಂತದಲ್ಲಿದೆ. ಇಂದು ನಮ್ಮ ಬೀದಿಯಲ್ಲಿ ಓಡುವ ಸ್ಕೂಟರುಗಳಿಗೆ ಜಾಲಕ್ಕೆ ಹಿಂದಿರುಗಿಸುವ ಏರ್ಪಾಡಿಲ್ಲ.

ಆದರೆ ವಾಹನವೊಂದು ತಂತಿಗೆ ವಿದ್ಯುತ್ತನ್ನು ಮರಳಿಸುವ ದೃಶ್ಯವನ್ನು ನೋಡಲು ಡೆನ್ಮಾರ್ಕಿಗೆ ಹೋಗಬೇಕಾಗಿಲ್ಲ. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗ ಕಡೂರು, ಬೀರೂರು, ಅಜ್ಜಂಪುರಗಳ ಮೂಲಕವೇ ಹೋಗುತ್ತದೆ. ಆ ಮಾರ್ಗ ಈಗ ವಿದ್ಯುದೀಕರಣವಾಗಿದೆ. 2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಇದರ ಮೇಲೆಯೇ ಓಡುತ್ತದೆ. ಇಂಥ ರೈಲು ವೇಗ ತಗ್ಗಿಸುವಾಗ ಅದರ ಮೋಟಾರುಗಳೇ ವಿದ್ಯುಜ್ಜನಕಗಳಾಗಿ, ಓಟದ ಶಕ್ತಿಯನ್ನು ವಿದ್ಯುತ್ತಾಗಿ ಮಾಡಿ ಮೇಲಣ ತಂತಿಗೆ ಹಿಂದಿರುಗಿಸುತ್ತವೆ. ಒಂದು ರೈಲು ಬಿಟ್ಟುಕೊಟ್ಟದ್ದನ್ನು ಸಮೀಪದಲ್ಲಿ ಏರು ಹತ್ತುತ್ತಿರುವ ಇನ್ನೊಂದು ರೈಲು ಎಳೆದುಕೊಳ್ಳಬಹುದು. ಕೊಡುಕೊಳ್ಳುವ ವಾಹನ ನಮ್ಮ ಊರಿನ ಹಳಿಯ ಮೇಲೆ ಈಗಾಗಲೇ ಓಡುತ್ತಿದೆಯೆಂದಾಯಿತು.

ಅದಕ್ಕಿಂತಲೂ ಹಿಂದಿನ ಒಂದು ಉದಾಹರಣೆ ನನ್ನ ಮನಸ್ಸಿಗೆ ಹೆಚ್ಚು ಒಪ್ಪುತ್ತದೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ದನಗಳ ಸಂವರ್ಧನ ಕೇಂದ್ರವಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಮೈಸೂರು ಸೈನ್ಯದ ಫಿರಂಗಿಗಳನ್ನು ಎಳೆದು ಹೆಸರಾದ ಎತ್ತುಗಳು ಈ ತಳಿಯವು. ನಮ್ಮ ಬಯಲುಸೀಮೆಯ ಒಕ್ಕಲಿಗನ ಮನೆಯಲ್ಲಿ ಎತ್ತು ಬಂಡಿಗಷ್ಟೇ ಮೀಸಲಾಗಿರಲಿಲ್ಲ. ಸಂತೆಯ ದಿನ ಅದು ಬಂಡಿ ಎಳೆಯುತ್ತಿತ್ತು. ಉಳಿದ ದಿನ ನೇಗಿಲು. ಬೇಸಿಗೆಯಲ್ಲಿ ಬಾವಿಯ ದಂಡೆಯ ಇಳಿಜಾರಿನಲ್ಲಿ ಕಪಿಲೆ ಹೊಡೆದು ತೋಟಕ್ಕೆ ನೀರೆತ್ತುತ್ತಿತ್ತು. ಬಂಡಿ ನಿಂತಿದೆಯೆಂದು ಎತ್ತಿನ ಬಲವನ್ನು ಯಾರೂ ಸುಮ್ಮನೆ ಬಿಡುತ್ತಿರಲಿಲ್ಲ. ಮೋಟಾರು ಗಾಡಿ ಬಂದ ಮೇಲೆ ಈ ಬಹುಪಯೋಗ ತಪ್ಪಿತು. ಪೆಟ್ರೋಲಿನ ಕಾರು ಓಡದಿರುವಾಗ ಕಬ್ಬಿಣದ ಪೆಟ್ಟಿಗೆಯಷ್ಟೇ. ಬ್ಯಾಟರಿಯ ಗಾಡಿ ಎತ್ತಿನ ಆ ಹಳೆಯ ಗುಣವನ್ನು ಮತ್ತೆ ತಂದುಕೊಟ್ಟಿದೆ. ಆದರೆ ಒಂದು ಷರತ್ತನ್ನು ಮರೆಯಬಾರದು. ಹಗಲೆಲ್ಲ ಬಂಡಿ ಎಳೆದ ಎತ್ತನ್ನು ರಾತ್ರಿಯೂ ಕಪಿಲೆಗೆ ಕಟ್ಟಿದ ಒಕ್ಕಲಿಗ ಎತ್ತನ್ನು ಕಳೆದುಕೊಳ್ಳುತ್ತಾನೆ. ಬ್ಯಾಟರಿಯೂ ಪ್ರತಿಯೊಂದು ತುಂಬು–ಖಾಲಿಗೆ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಪೂರ್ತಿ ಬರಿದು ಮಾಡದೆ, ಸದಾ ಕಂಠಪೂರ್ತಿ ತುಂಬದೆ, ನಡುವಣ ಭಾಗವನ್ನಷ್ಟೇ ಬಳಸಿದರೆ ಬಹುಕಾಲ ಬಾಳುತ್ತದೆ. ಸವೆತದ ಬೆಲೆಯನ್ನು ಕಟ್ಟಿಕೊಡದೆ ಗಾಡಿಯ ಒಡೆಯನಿಂದ ಸೇವೆ ಕೇಳುವುದು ನ್ಯಾಯವಲ್ಲ.

ಲೆಕ್ಕಕ್ಕಾಗಿ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ತಾಲ್ಲೂಕುಗಳಲ್ಲಿ ಹತ್ತು ಸಾವಿರ ವಿದ್ಯುತ್ ಸ್ಕೂಟರುಗಳಿವೆಯೆಂದು ಇಟ್ಟುಕೊಳ್ಳೋಣ. ಎಲ್ಲವನ್ನೂ ಸಂಜೆ ಏಳಕ್ಕೆ ಚಾರ್ಜಿಗೆ ಹಾಕಿದರೆ ಏಳು ಮೆಗಾವ್ಯಾಟಿನ ಹೊಸ ಭಾರ. ಅವನ್ನೇ ಹಗಲು ತುಂಬಿ, ಸಂಜೆಯ ನಾಲ್ಕು ಗಂಟೆಗಳಲ್ಲಿ ಒಡಲಿನ ಮೂರನೆಯ ಒಂದು ಪಾಲನ್ನು ಮಾತ್ರ ಹಿಂದಕ್ಕೆ ಪಡೆಯುವ ಏರ್ಪಾಡು ಮುಂದೊಂದು ದಿನ ಆದರೆ, ಎರಡೂವರೆ ಮೆಗಾವ್ಯಾಟಿನ ನೆರವು. ಭಾರ ಏಳು ತಪ್ಪಿತು, ನೆರವು ಎರಡೂವರೆ ಬಂತು. ಅಂತರ ಒಂಬತ್ತೂವರೆ ಮೆಗಾವ್ಯಾಟ್. ಲಕ್ಕವಳ್ಳಿಯ ವಿದ್ಯುದಾಗಾರಗಳ ಒಟ್ಟು ಸಾಮರ್ಥ್ಯದ ಕಾಲುಪಾಲಿಗೆ ಇದು ಸಮನಾಯಿತು. ಇದರಲ್ಲಿ ನೆರವಿಗಿಂತ ತಪ್ಪಿದ ಭಾರವೇ ದೊಡ್ಡದೆಂಬುದನ್ನು ಗಮನಿಸಬೇಕು. ಅಂದರೆ, ವಾಹನದಿಂದ ಹಿಂದಕ್ಕೆ ಪಡೆಯುವ ಕಾಲ ಬರುವವರೆಗೂ ಕಾಯಬೇಕಾಗಿಲ್ಲ. ಹೊತ್ತು ನೋಡಿ ತುಂಬುವ ಮೊದಲನೆಯ ಮೆಟ್ಟಿಲಿನಲ್ಲೇ ಲಾಭದ ಹೆಚ್ಚಿನ ಪಾಲು ಕೈಗೆ ಬರುತ್ತದೆ.

ಇಲ್ಲಿ ನಮ್ಮ ಸೀಮೆಯ ಕೆರೆಗಳನ್ನು ನೆನೆಯಬೇಕು. ತರೀಕೆರೆಯ ಹೆಸರಿನಲ್ಲೇ ಕೆರೆಯಿದೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಜನಪದರ ಹಾಡಿನಲ್ಲಿ ಸೇರಿಹೋಗಿರುವ ಮದಗದ ಕೆರೆ, ಇವು ಕಡೂರು ಸೀಮೆಯ ಬದುಕನ್ನೇ ರೂಪಿಸಿದವು. ಕೆಲವೇ ದಿನ ಸುರಿಯುವ ಮಳೆಯನ್ನು ವರ್ಷವಿಡೀ ಉಣ್ಣುವ ಉಪಾಯವೇ ಕೆರೆ. ನಾಲ್ಕೈದು ಗಂಟೆ ಸುರಿಯುವ ಬಿಸಿಲನ್ನು ಇರುಳೆಲ್ಲ ಉಣ್ಣುವ ಉಪಾಯ ಬ್ಯಾಟರಿ. ಕೆರೆಯಲ್ಲಿ ನೀರು ಇಂಗುವಂತೆ, ಆರುವಂತೆ ಬ್ಯಾಟರಿಯಲ್ಲಿಯೂ ನಷ್ಟವುಂಟು. ನೂರು ಯೂನಿಟ್ ತುಂಬಿದರೆ ಹಿಂದಕ್ಕೆ ಬರುವುದು ಸುಮಾರು ಎಂಬತ್ತು, ಎಂಬತ್ತೈದು. ಕೂಡಿಡುವ ಜಾಗವಿಲ್ಲದಾಗ ನಡುಹಗಲಿನಲ್ಲಿ ಸೌರಕೇಂದ್ರಗಳ ಉತ್ಪಾದನೆಯನ್ನು ತಗ್ಗಿಸಬೇಕಾಗುತ್ತದೆ. ಅದು ಕೋಡಿ ಬಿದ್ದು ಹರಿದುಹೋದ ನೀರಿನಂತೆ. ಕೂಡಿಡುವುದಕ್ಕೆ ಬೇರೆ ದಾರಿಗಳೂ ಇವೆ. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಹಗಲು ನೀರನ್ನು ಮೇಲೆತ್ತಿ ಸಂಜೆ ಕೆಳಗೆ ಬಿಡುವ 2,000 ಮೆಗಾವ್ಯಾಟಿನ ಯೋಜನೆಯೊಂದು ರೂಪುಗೊಂಡಿದೆ. ಸಿಂಗಳೀಕಗಳಿರುವ ಆ ಕಾಡಿಗೆ ಆಗುವ ಹಾನಿಯನ್ನು ಕುರಿತು ಮಲೆನಾಡಿನ ಜನ ಪ್ರಬಲವಾದ ವಿರೋಧವನ್ನೂ ಎತ್ತಿದ್ದಾರೆ. ಸ್ಕೂಟರುಗಳು ಅಂಥ ಯೋಜನೆಗೆ ಪೂರ್ತಿ ಬದಲಿಯಾಗುತ್ತವೆಂದು ನಾನು ಹೇಳುವುದಿಲ್ಲ. ಆದರೆ ಜನ ತಮ್ಮ ದುಡ್ಡಿನಿಂದ, ತಮ್ಮ ಓಡಾಟಕ್ಕಾಗಿ ಈಗಾಗಲೇ ಕೊಂಡಿರುವ ಸಾವಿರಾರು ಪುಟ್ಟ ಕೆರೆಗಳು ಗಾಲಿಯ ಮೇಲೆ ನಿಂತಿರುವಾಗ, ಅವನ್ನು ಬಳಸದೆ ಕಾಡಿನ ಕಡೆಗೇ ಮೊದಲು ಕೈಚಾಚುವುದು ವಿವೇಕವೆ?

ಕೆರೆಗೆ ಏರಿ, ತೂಬುಗಳಿದ್ದರೆ ಸಾಲದು, ನೀರುಗಂಟಿ ಬೇಕು. ಯಾರ ಗದ್ದೆಗೆ ಯಾವ ಹೊತ್ತು ನೀರು ಎಂಬ ಸರದಿಯನ್ನು ನಡೆಸುವವನು ಅವನು. ಅವನು ನ್ಯಾಯವಂತನಾದರೆ ಅಚ್ಚುಕಟ್ಟಿನ ಕೊನೆಯ ಗದ್ದೆಯೂ ಹಸಿರಾಗುತ್ತದೆ; ಇಲ್ಲವಾದರೆ ತೂಬಿನ ಬುಡದವರು ಕಬ್ಬು ಬೆಳೆಯುತ್ತಾರೆ, ಕೊನೆಯವರು ಆಕಾಶ ನೋಡುತ್ತಾರೆ. ಭದ್ರಾ ನಾಲೆಗಳ ಕೊನೆಯಂಚಿನ ರೈತರು ಈ ಮಾತನ್ನು ಬಲ್ಲರು. ವಿದ್ಯುತ್ ಜಾಲಕ್ಕೂ ಅಚ್ಚುಕಟ್ಟಿನ ಕೊನೆಯೆಂಬುದುಂಟು. ಪೇಟೆಯ ಕಾರುಗಳು ಮುಸ್ಸಂಜೆಯಲ್ಲಿ ಒಟ್ಟಿಗೆ ಕುಡಿಯತೊಡಗಿದರೆ ವೋಲ್ಟೇಜು ಕುಸಿಯುವುದು ತಂತಿಯ ಕೊನೆಯ ಹಳ್ಳಿಯಲ್ಲಿ; ಮಂಕಾಗುವುದು ಅಲ್ಲಿನ ದೀಪ. ಕಾರು ಕೊಳ್ಳಲಾರದವನು ಕಾರಿನ ಭಾರವನ್ನು ಹೊರುವುದಾದರೆ, ಹೊಗೆಯಿಲ್ಲದ ಗಾಡಿಯೆಂದು ನಾವು ಹೆಮ್ಮೆ ಪಡುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಈ ಸರದಿ ಗಾಡಿಯ ಒಡೆಯರ ಅನುಕೂಲದ ಪ್ರಶ್ನೆಯಷ್ಟೇ ಅಲ್ಲ, ನೆರೆಹೊರೆಯ ಧರ್ಮದ ಪ್ರಶ್ನೆ.

ಸರದಿಯನ್ನು ದರದಿಂದ ನಡೆಸಬೇಕೆಂದು ಅರ್ಥಶಾಸ್ತ್ರ ಬಲ್ಲವರು ಹೇಳುತ್ತಾರೆ. ಅದು ನಿಜವಾದರೂ ನಮ್ಮಲ್ಲಿ ಒಂದು ತೊಡಕಿದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತ. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ಬಳಕೆಯ ಸರಾಸರಿಗೆ ತಕ್ಕಂತೆ ತಿಂಗಳಿಗೆ 200 ಯೂನಿಟ್ಟಿನವರೆಗೆ ಮನೆಗಳಿಗೂ ಉಚಿತ. ಬಡ ಸಂಸಾರಗಳಿಗೆ ಇದರಿಂದಾದ ನೆಮ್ಮದಿಯನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ಬಿಲ್ಲೇ ಬಾರದ ಮನೆಗೆ, ಹಗಲು ಅಗ್ಗ, ಸಂಜೆ ತುಟ್ಟಿ ಎಂಬ ಮಾತು ಕೇಳಿಸುವುದಿಲ್ಲ. ದಿನಕ್ಕೆ ಮೂವತ್ತು ಕಿಲೋಮೀಟರು ಓಡುವ ಸ್ಕೂಟರಿಗೆ ಬೇಕಾದುದು ಹೆಚ್ಚುಕಡಮೆ ಒಂದು ಯೂನಿಟ್. ಉಚಿತದ ಮಿತಿಯೊಳಗೇ ಅದು ಅಡಗಿಹೋಗಬಹುದು. ಇಂಥಲ್ಲಿ ದರದ ಕೆಲಸವನ್ನು ತಿಳಿವಳಿಕೆ ಮಾಡಬೇಕಾಗುತ್ತದೆ. ಇಲ್ಲವೆ ಹೊತ್ತು ನೋಡಿ ತುಂಬಿದವರಿಗೆ ಬೇರೆ ಬಗೆಯ ರಿಯಾಯಿತಿ ಕೊಡಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆಯ ಮಾತು. ಮನೆಯ ಬ್ಯಾಟರಿಯಿಂದ ತಂತಿಗೆ ವಿದ್ಯುತ್ತು ಹರಿಯುವುದಾದರೆ, ಕಂಬ ಹತ್ತಿದ ಲೈನ್‌ಮನ್ನಿನ ಜೀವ ನಮ್ಮ ಕೈಯಲ್ಲಿರುತ್ತದೆ. ಉಪಕೇಂದ್ರದಲ್ಲಿ ಲೈನು ತೆಗೆಸಿ, ತಂತಿ ಸತ್ತಿದೆಯೆಂದು ನಂಬಿ ಆತ ಕೈಯಿಡುವಾಗ, ಯಾವುದೋ ಮನೆಯ ಕಾರು ಅದಕ್ಕೆ ಜೀವ ತುಂಬಿದ್ದರೆ ಗತಿಯೇನು? ಛಾವಣಿಯ ಸೌರಫಲಕಗಳ ಇನ್ವರ್ಟರುಗಳು ಜಾಲದ ಕರೆಂಟು ಹೋದೊಡನೆ ತಂತಿಗೆ ಕೊಡುವುದನ್ನು ತಾವಾಗಿಯೇ ನಿಲ್ಲಿಸುವುದು ಈ ಕಾರಣಕ್ಕೆ. ವಾಹನಗಳಿಗೂ ಅದೇ ಕಟ್ಟುಪಾಡು ಇರಬೇಕು. ಯಾರದೋ ಮಾತು ಕೇಳಿ, ಅನಧಿಕೃತವಾಗಿ ಸ್ಕೂಟರಿನ ಬ್ಯಾಟರಿಯನ್ನು ಮನೆಯ ವೈರಿಂಗಿಗೆ ಜೋಡಿಸುವ ಸಾಹಸಕ್ಕೆ ಯಾರೂ ಕೈಹಾಕಬಾರದು.

ಹೀಗಿರುವಲ್ಲಿ ಇಂದೇ ಮಾಡಬಹುದಾದದ್ದು ಏನು? ಚಿಕ್ಕಮಗಳೂರು ಜಿಲ್ಲೆಗೆ ವಿದ್ಯುತ್ ಹಂಚುವ ಮೆಸ್ಕಾಂ, ಹೊಸ ಬಡಾವಣೆಗಳಿಗೆ ಟಿ.ಸಿ. ಹಾಕುವಾಗ ನಾಳೆ ಬರುವ ವಾಹನಗಳನ್ನೂ ಎಣಿಕೆಗೆ ತೆಗೆದುಕೊಳ್ಳಬಹುದು. ತಾಲ್ಲೂಕು ಕಚೇರಿ, ಕಾಲೇಜು, ರೈಲು ನಿಲ್ದಾಣ, ಮಾರುಕಟ್ಟೆಗಳಲ್ಲಿ, ಅಂದರೆ ಗಾಡಿಗಳು ಹಗಲು ನಿಲ್ಲುವ ಕಡೆಗಳಲ್ಲಿ, ಚಾರ್ಜಿನ ಏರ್ಪಾಡು ಮಾಡಬಹುದು. ಅವುಗಳ ನೆರಳಿಗೆ ಸೌರಫಲಕದ ಚಪ್ಪರವನ್ನೇ ಹಾಕಬಹುದು. ಮೊದಲು ಬಸ್ಸುಗಳಿಂದ ಆರಂಭಿಸುವುದು ಜಾಣತನ. ಏಕೆಂದರೆ ಒಂದು ಬಸ್ಸಿನ ಬ್ಯಾಟರಿ ನೂರು ಸ್ಕೂಟರುಗಳಿಗೆ ಸಮ, ಅದು ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ನಿಲ್ಲುತ್ತದೆಂಬುದು ಮೊದಲೇ ಗೊತ್ತು, ಒಡೆಯನೂ ಒಬ್ಬನೇ. ಗೃಹಸ್ಥರಾದ ನಾವು ಮಾಡಬೇಕಾದದ್ದು ಇನ್ನೂ ಸುಲಭ. ಮನೆಗೆ ಬಂದೊಡನೆ ಗಾಡಿಯನ್ನು ಚಾರ್ಜಿಗೆ ಸಿಕ್ಕಿಸುವ ಅಭ್ಯಾಸವನ್ನು ಬಿಟ್ಟು, ಊಟ ಮುಗಿಸಿ ಮಲಗುವ ಮುನ್ನ ಸಿಕ್ಕಿಸುವುದು. ಹಗಲು ಮನೆಯಲ್ಲಿರುವವರಾದರೆ ಮಧ್ಯಾಹ್ನಕ್ಕೆ ಮುಂಚೆ ಸಿಕ್ಕಿಸುವುದು.

ನಮ್ಮ ಹಿರಿಯರು ಕೆರೆ ಕಟ್ಟಿಸಿದ್ದನ್ನು ಶಾಸನಗಳಲ್ಲಿ ಬರೆಸಿದರು. ಅದರ ರಕ್ಷಣೆಗೆಂದು ಬಿತ್ತುವಟ್ಟ, ಕಟ್ಟುಕೊಡಗೆಗಳನ್ನು ಬಿಟ್ಟರು. ಕೂಡಿಡುವುದೂ ಸರದಿಯಿಂದ ಹಂಚಿಕೊಳ್ಳುವುದೂ ಒಂದು ಊರು ಊರಾಗಿ ಬಾಳುವುದಕ್ಕೆ ಬೇಕಾದ ವಿದ್ಯೆಗಳೆಂದು ಅವರು ಅರಿತಿದ್ದರು. ನೀರಿನ ವಿಷಯದಲ್ಲಿ ನಾವು ಆ ವಿದ್ಯೆಯನ್ನು ಬಹುಮಟ್ಟಿಗೆ ಮರೆತೆವು. ಒಬ್ಬೊಬ್ಬರೂ ಒಂದೊಂದು ಕೊಳವೆಬಾವಿ ಕೊರೆಸಿ, ಕಡೂರಿನ ಅಂತರ್ಜಲ ಪಾತಾಳಕ್ಕಿಳಿದಿರುವುದನ್ನು ಕಾಣುತ್ತಿದ್ದೇವೆ. ಬಿಸಿಲಿನ ವಿದ್ಯುತ್ತು ಹೊಸ ಬೆಳೆ. ಅದರ ಕೆರೆಗಳು ಈಗಷ್ಟೇ ಕಟ್ಟಲ್ಪಡುತ್ತಿವೆ. ಸರದಿಯ ಪದ್ಧತಿಯನ್ನು ಈ ಆರಂಭದಲ್ಲಿಯೇ ರೂಢಿಸಿಕೊಂಡರೆ, ಪೇಟೆಯ ಅಂಗಳದಲ್ಲಿ ಗಾಡಿ ತುಂಬುವ ಹೊತ್ತಿನಲ್ಲಿ ತಂತಿಯ ಕೊನೆಯ ಹಳ್ಳಿಯಲ್ಲಿಯೂ ಮಕ್ಕಳು ದೀಪದ ಮುಂದೆ ಪುಸ್ತಕ ತೆರೆದು ಕೂರಬಹುದು.